ಜೆಟ್ ಫೈಟರ್ ಮಾಡೆಲ್ ಕಟ್ಟುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಪ್ಲಾಸ್ಟಿಕ್ ಕಿಟ್‌ನಿಂದ ಜೆಟ್ ಫೈಟರ್ ಕಟ್ಟಲು ಶುರು ಮಾಡಿದವರು ನನ್ನನ್ನು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಇವೇ. ಕೆಲವಕ್ಕೆ ಒಂದೇ ಸಾಲಿನ ಉತ್ತರ ಸಾಕು. ಕೆಲವಕ್ಕೆ ಸ್ವಲ್ಪ ಕೂತು ಮಾತಾಡಬೇಕು. ಯಾವುದನ್ನು ಮೊದಲು ಓದಿದರೂ ಪರವಾಗಿಲ್ಲ, ಆದರೆ ಮೊದಲನೆಯದನ್ನು ಮಾತ್ರ ಬಿಡಬೇಡಿ, ಯಾಕೆಂದರೆ ಕೆಳಗಿನ ಅರ್ಧ ಉತ್ತರಗಳು ಅದರ ಮೇಲೇ ನಿಂತಿವೆ.

ಪೆಟ್ಟಿಗೆ ತೆರೆದ ಮೇಲೆ ಮೊದಲ ಕೆಲಸ ಯಾವುದು?

ಅಂಟಿನ ಬಾಟಲಿ ಹಾಗೇ ಇರಲಿ. ಮೊದಲು ಒಂದು ವಿಮಾನ ಆರಿಸಿಕೊಳ್ಳಿ. ಸುಮ್ನೆ "ಎಫ್-16 ಮಾಡ್ತೀನಿ" ಅಂದರೆ ಸಾಲದು. ಒಂದೇ ಒಂದು ಎಫ್-16 ಬೇಕು. ಬಾಲದ ಮೇಲೆ ಇಂಥ ನಂಬರ್, ಇಂಥ ಸ್ಕ್ವಾಡ್ರನ್, ಇಂಥ ವರ್ಷ, ಸಾಧ್ಯವಾದರೆ ಇಂಥ ದಿನ ತೆಗೆದ ಫೋಟೋ.

ಇದು ಹಠ ಅಂತ ಅನ್ನಿಸಬಹುದು. ಆದರೆ ಒಂದೇ ಹೆಸರಿನ ವಿಮಾನಗಳು ಎಷ್ಟು ಬೇರೆ ಬೇರೆ ಇರುತ್ತವೆ ನೋಡಿ. ಎಫ್-16ರಲ್ಲಿ ಬ್ಲಾಕ್ (ತಯಾರಿಕೆಯ ಕಂತು) 30, 40, 50ಕ್ಕೆ ಜನರಲ್ ಎಲೆಕ್ಟ್ರಿಕ್ ಎಂಜಿನ್, 32, 42, 52ಕ್ಕೆ ಪ್ರ್ಯಾಟ್ ಅಂಡ್ ವಿಟ್ನಿ. ಎಂಜಿನ್ ಬೇರೆಯಾದರೆ ಬಾಲದ ನಾಜಲ್, ಅಂದರೆ ಬಿಸಿಗಾಳಿ ಹೊರಬರುವ ಬಾಯಿ, ಬೇರೆ. ಜನರಲ್ ಎಲೆಕ್ಟ್ರಿಕ್ ಎಂಜಿನ್ ಇರುವ ಹೆಚ್ಚಿನವಕ್ಕೆ ಹೊಟ್ಟೆಯ ಕೆಳಗಿನ ಗಾಳಿಬಾಯಿಯೂ ಅಗಲ. ಮಿಗ್-21 ತೆಗೆದುಕೊಂಡರೆ, ಮೊದಮೊದಲ ಎಫ್-13ರಲ್ಲಿ ಕ್ಯಾನಪಿ (ಕಾಕ್‌ಪಿಟ್‌ನ ಗಾಜಿನ ಮುಚ್ಚಳ) ಮುಂದಕ್ಕೆ ಮಗುಚುತ್ತದೆ, ಮೂತಿಯ ಪಿಟೋ ಕೊಳವೆ (ವೇಗ ಅಳೆಯುವ ಕಡ್ಡಿ) ಕೆಳಗಿದೆ. ಮುಂದೆ ಬಂದ ಮಾದರಿಗಳಲ್ಲಿ ಕ್ಯಾನಪಿ ಬಲಕ್ಕೆ ತೆರೆದುಕೊಳ್ಳುತ್ತದೆ, ಪಿಟೋ ಮೇಲಕ್ಕೆ ಹೋಗಿದೆ, ಬೆನ್ನು ದಪ್ಪವಾಗಿದೆ. ಕಿಟ್‌ನವರು ಎರಡು ಮೂರು ಮಾದರಿಗಳ ತುಂಡುಗಳನ್ನು ಒಂದೇ ಪೆಟ್ಟಿಗೆಯಲ್ಲಿ ಕೊಟ್ಟಿರುತ್ತಾರೆ. ಯಾವುದನ್ನು ಹಾಕಬೇಕು ಅನ್ನೋದನ್ನು ನಿಮ್ಮ ಫೋಟೋ ಹೇಳಬೇಕು.

ಒಂದು ವಿಮಾನ ಗಟ್ಟಿ ಮಾಡಿಕೊಂಡರೆ ಬಣ್ಣ, ಕೊಳೆ, ಕ್ಷಿಪಣಿ, ಏಣಿ, ತೆರೆದ ಬಾಗಿಲು ಎಲ್ಲದಕ್ಕೂ ಅಲ್ಲೇ ಉತ್ತರ ಸಿಗುತ್ತದೆ. ನಾನು ಒಂದೊಂದು ಮಾಡೆಲ್‌ಗೂ ಮುಂದಿನಿಂದ, ಹಿಂದಿನಿಂದ, ಎಡದಿಂದ, ಬಲದಿಂದ, ಚಕ್ರದ ಗೂಡಿನ ಒಳಗಿಂದ ಫೋಟೋ ಸೇರಿಸಿ ಮೇಜಿನ ಎದುರು ಅಂಟಿಸಿಕೊಳ್ಳುತ್ತೇನೆ. ಅದೇ ವಿಮಾನದ್ದು ಸಿಗದಿದ್ದರೆ ಅದೇ ಸ್ಕ್ವಾಡ್ರನ್‌ನ ಅದೇ ಕಾಲದ ಇನ್ನೊಂದರದ್ದು.

ಯಾವ ಸ್ಕೇಲ್ ಒಳ್ಳೆಯದು?

ಲೆಕ್ಕ ಸುಲಭ. ನಿಜವಾದ ಅಳತೆಯನ್ನು ಸ್ಕೇಲ್‌ನ ಕೆಳಗಿನ ಸಂಖ್ಯೆಯಿಂದ ಭಾಗಿಸಿ. ಎಫ್-16ರ ಉದ್ದ ಸುಮಾರು 15 ಮೀಟರ್. 1/144ರಲ್ಲಿ ಅದು 10 ಸೆಂಟಿಮೀಟರ್ ಚಿಲ್ಲರೆ, 1/72ರಲ್ಲಿ 21, 1/48ರಲ್ಲಿ 31, 1/32ರಲ್ಲಿ 47 ಸೆಂಟಿಮೀಟರ್.

ವಿವರ ತುಂಬಬೇಕು ಅನ್ನುವವರಿಗೆ ನನ್ನ ಮಾತು 1/48. ಕಾಕ್‌ಪಿಟ್‌ನ ಸ್ವಿಚ್‌ಗಳು ಕಣ್ಣಿಗೆ ಕಾಣುತ್ತವೆ, ಆದರೂ ಮಾಡೆಲ್ ಕಪಾಟಿನಲ್ಲಿ ಹಿಡಿಸುತ್ತದೆ. 1/72 ಸಣ್ಣದು ಅಂತ ಸುಲಭ ಅಂದುಕೊಳ್ಳಬೇಡಿ. ಸಂದು ಮುಚ್ಚುವುದು, ಬಣ್ಣ ಹೊಡೆಯುವುದು ಎಲ್ಲ ಅಷ್ಟೇ ಕೆಲಸ, ತುಂಡುಗಳು ಮಾತ್ರ ಚಿಕ್ಕವು. 1/32 ನೋಡಲು ಭಾರಿ ಚಂದ, ಆದರೆ ಅಲ್ಲಿ ಬರಿ ಜಾಗ ಬಿಟ್ಟರೆ ಎದ್ದು ಕಾಣುತ್ತದೆ, ಪ್ರತಿ ಇಂಚಿಗೂ ಏನಾದರೂ ಮಾಡಲೇಬೇಕು. ಮೊದಲ ಕಿಟ್ಟೇ 1/32 ತಗೊಂಡು ಅರ್ಧಕ್ಕೆ ನಿಲ್ಲಿಸಿದವರು ಬಹಳ ಜನ ಇದ್ದಾರೆ.

ಮೊದಲ ಸಲಕ್ಕೆ ಯಾವ ಕಂಪನಿ ಕಿಟ್?

ತಾಮಿಯಾ. ತುಂಡುಗಳು ಒಂದಕ್ಕೊಂದು ಕೂರುವ ರೀತಿಯಲ್ಲಿ ಅವರನ್ನು ಮೀರಿಸುವವರು ಕಡಿಮೆ. ಅವರ ಎಫ್-16 1/72, 1/48, 1/32 ಮೂರರಲ್ಲೂ ಇದೆ. ಮಿಗ್-21 ಇಷ್ಟವಾದರೆ ಎಡುವಾರ್ಡ್‌ನ 1/48 ಕಿಟ್ ನೋಡಿ. ರಿವೆಟ್ ಸಾಲುಗಳು ನವಿರಾಗಿವೆ, ಆದರೆ ತುಂಡುಗಳು ಜಾಸ್ತಿ, ತಾಳ್ಮೆ ಬೇಕು. ಹಳೇ ಕಾಲದ ಅಚ್ಚುಗಳಲ್ಲಿ ಪ್ಯಾನೆಲ್ ಗೆರೆಗಳು (ಲೋಹದ ಹಲಗೆಗಳ ಸಂದಿನ ಗೆರೆಗಳು) ಉಬ್ಬಿಕೊಂಡಿರುತ್ತವೆ, ಕಾಕ್‌ಪಿಟ್ ಹೆಚ್ಚುಕಡಿಮೆ ಖಾಲಿ. ಅಂಥದ್ದನ್ನು ಎರಡು ಮೂರು ಮಾಡೆಲ್ ಆದ ಮೇಲೆ ಮುಟ್ಟಿ.

ಸಲಕರಣೆ ಏನೇನು ಬೇಕು?

ಸ್ಪ್ರೂ (ತುಂಡುಗಳು ಅಂಟಿಕೊಂಡು ಬರುವ ಪ್ಲಾಸ್ಟಿಕ್ ಚೌಕಟ್ಟು) ಕಟರ್, ಚೂಪಾದ ಬ್ಲೇಡ್ ಚಾಕು, ಚಿಮಟ, 400ರಿಂದ 2000 ಗ್ರಿಟ್‌ವರೆಗೆ ವಾಟರ್ ಪೇಪರ್, ಮಾಸ್ಕಿಂಗ್ ಟೇಪ್, ಅಂಟು, ಒಳ್ಳೆಯ ಬೆಳಕು. ಏರ್‌ಬ್ರಶ್ (ಗಾಳಿಯೊತ್ತಡದಿಂದ ಬಣ್ಣ ಸಿಂಪಡಿಸುವುದು) ಆಮೇಲೆ ನೋಡೋಣ.

ಕಟರ್ ಬಳಸುವಾಗ ಎರಡು ಸಲ ಕತ್ತರಿಸಿ. ಮೊದಲು ತುಂಡಿನಿಂದ ದೂರ, ಆಮೇಲೆ ಹತ್ತಿರ. ಒಂದೇ ಏಟಿಗೆ ಬುಡಕ್ಕೆ ಕತ್ತರಿಸಿದರೆ ಪ್ಲಾಸ್ಟಿಕ್ ಕಿತ್ತುಬಂದು ಗುಳಿ ಬೀಳುತ್ತದೆ. ಮೊಂಡಾದ ಬ್ಲೇಡ್ ಎಸೆಯಿರಿ. ಬೆರಳು ಕೊಯ್ದುಕೊಳ್ಳುವುದು ಹೆಚ್ಚಾಗಿ ಮೊಂಡಾದ ಬ್ಲೇಡಿನಿಂದಲೇ, ಯಾಕೆಂದರೆ ಅದಕ್ಕೆ ಬಲ ಹಾಕಿ ಒತ್ತುತ್ತೇವೆ. ಶುರು ಮಾಡುವ ಮುಂಚೆ ಸ್ಪ್ರೂಗಳನ್ನು ಸೋಪು ನೀರಿನಲ್ಲಿ ತೊಳೆದು ಒಣಗಿಸಿ. ಅಚ್ಚಿನ ಎಣ್ಣೆ ಉಳಿದಿದ್ದರೆ ಬಣ್ಣ ಹಿಡಿಯುವುದಿಲ್ಲ.

ಅಂಟು ಯಾವುದು? ಒಂದೇ ಸಾಕಲ್ವಾ?

ಸಾಲದು, ಮೂರು ಬೇಕು. ಮೂರಕ್ಕೂ ಬೇರೆ ಬೇರೆ ಕೆಲಸ.

ಪ್ಲಾಸ್ಟಿಕ್‌ಗೆ ಪ್ಲಾಸ್ಟಿಕ್ ಸೇರಿಸಲು ನೀರಿನಷ್ಟು ತೆಳುವಾದ ಸಿಮೆಂಟ್, ಅಂದರೆ ತಾಮಿಯಾ ಎಕ್ಸ್‌ಟ್ರಾ ಥಿನ್ ಥರದ್ದು. ನಿಜ ಹೇಳಬೇಕೆಂದರೆ ಇದು ಅಂಟಿಸುವುದೇ ಇಲ್ಲ. ಎರಡೂ ಅಂಚುಗಳನ್ನು ಕರಗಿಸಿ ಬೆಸೆಯುತ್ತದೆ. ಎರಡು ತುಂಡು ಒಟ್ಟಿಗೆ ಹಿಡಿದು ಸಂದಿಗೆ ಬ್ರಶ್ ತಾಗಿಸಿದರೆ ಸಾಕು, ತಾನೇ ಒಳಗೆ ಹರಿದುಹೋಗುತ್ತದೆ. ಒಂದು ಎಚ್ಚರಿಕೆ ಇದೆ. ಸಂದಿನ ಮೇಲೆ ಬೆರಳು ಇಟ್ಟಿದ್ದರೆ ದ್ರವ ಬೆರಳಿನಡಿಗೂ ಹರಿಯುತ್ತದೆ, ನಿಮ್ಮ ಬೆರಳಿನ ಗುರುತು ಪ್ಲಾಸ್ಟಿಕ್‌ನಲ್ಲಿ ಅಚ್ಚಾಗುತ್ತದೆ. ಅರ್ಧ ನಿಮಿಷ ಬಿಟ್ಟು ಮೆಲ್ಲಗೆ ಒತ್ತಿದರೆ ಕರಗಿದ ಪ್ಲಾಸ್ಟಿಕ್ ನೂಲಿನಂತೆ ಹೊರಗೆ ಉಕ್ಕುತ್ತದೆ. ಅದನ್ನು ಒರೆಸಬೇಡಿ! ಒಂದೆರಡು ದಿನ ಬಿಟ್ಟು ಉಜ್ಜಿದರೆ ಸಂದು ಇದ್ದ ಗುರುತೇ ಇರುವುದಿಲ್ಲ, ಪುಟ್ಟಿಯೂ ಬೇಡ.

ರೆಸಿನ್ (ಅಚ್ಚಿಗೆ ಸುರಿದು ಗಟ್ಟಿ ಮಾಡಿದ ಬಿಡಿಭಾಗ) ಮತ್ತು ಲೋಹದ ತುಂಡಿಗೆ ಸೂಪರ್ ಗ್ಲೂ. ಪಾರದರ್ಶಕ ತುಂಡುಗಳಿಗೆ ಬಿಳಿ ಅಂಟು. ಇದನ್ನು ನಾನು ಕಷ್ಟಪಟ್ಟು ಕಲಿತೆ. ಒಂದು ಫ್ಯಾಂಟಮ್‌ಗೆ (ಅಮೆರಿಕದ ಎಫ್-4 ಜೆಟ್) ಮೂರು ತಿಂಗಳು ಕೂತು ಕಾಕ್‌ಪಿಟ್ ಮಾಡಿದ್ದೆ, ಎರಡು ಸೀಟು, ಒಂದೊಂದು ಬೆಲ್ಟಿನ ಬಕಲ್ ಸಮೇತ. ಕೊನೆಗೆ ಮುಂಗಾಜು ಕೂರಿಸಲು ಒಂದೇ ಒಂದು ಚುಕ್ಕೆ ಸೂಪರ್ ಗ್ಲೂ ಹಾಕಿದೆ. ಬೆಳಗ್ಗೆ ನೋಡಿದರೆ ಗಾಜಿನ ಒಳಗಡೆ ಪೂರ್ತಿ ಬೆಳ್ಳಗೆ ಮಂಜು. ಅಂಟಿನ ಆವಿ ಗಾಜಿನ ಮೇಲೆ ಕೂತು ಗಟ್ಟಿಯಾಗಿತ್ತು. ಒಳಗಿಂದ ಒರೆಸಲು ದಾರಿ ಇಲ್ಲ. ಮುಂಗಾಜು ಕಿತ್ತು ತೆಗೆಯುವಾಗ ಚೌಕಟ್ಟೂ ಮುರಿಯಿತು. ಆವತ್ತು ಬಂದ ಬೇಜಾರು ಇನ್ನೂ ನೆನಪಿದೆ. ಬಿಳಿ ಅಂಟಿಗೆ ಆವಿ ಇಲ್ಲ, ಒಣಗಿದರೆ ಕಾಣುವುದಿಲ್ಲ, ತಪ್ಪಾದರೆ ಒದ್ದೆ ಬ್ರಶ್‌ನಿಂದ ತೆಗೆಯಬಹುದು.

ಕಾಕ್‌ಪಿಟ್‌ನಲ್ಲಿ ಎಷ್ಟು ವಿವರ ಹಾಕಬೇಕು?

ಕ್ಯಾನಪಿ ತೆರೆದಿಡುತ್ತೀರಾ, ಮುಚ್ಚಿಡುತ್ತೀರಾ, ಅದರ ಮೇಲೆ ಹೋಗುತ್ತದೆ. ಮುಚ್ಚಿದರೆ ಕಾಣುವುದು ಸೀಟಿನ ಮೇಲ್ಭಾಗ, ಡ್ಯಾಶ್‌ಬೋರ್ಡಿನ ಮೇಲಂಚು, ಹಡ್ ಗಾಜು (ಪೈಲಟ್ ಕಣ್ಣಿನ ಎದುರು ಮಾಹಿತಿ ತೋರಿಸುವ ಗಾಜು) ಮಾತ್ರ. ತೆರೆದಿಟ್ಟರೆ ನೋಡುವವರ ಕಣ್ಣು ಮೊದಲು ಹೋಗುವುದು ಸೀಟಿಗೆ. ಹಾಗಾಗಿ ದುಡಿಯುವುದಾದರೆ ಸೀಟಿನ ಮೇಲೆ ದುಡಿಯಿರಿ.

ಸೀಟು ಸರಿ ಇರಬೇಕು. ಫ್ಯಾಂಟಮ್‌ಗೆ ಮಾರ್ಟಿನ್-ಬೇಕರ್, ಎಫ್-16ಕ್ಕೆ ಏಸಸ್-2, ಮಿಗ್-21 ಬಿಸ್‌ಗೆ ಕೆಎಂ-1. ಫ್ಯಾಂಟಮ್‌ನ ಮಾರ್ಟಿನ್-ಬೇಕರ್ ಸೀಟಿನ ತಲೆಯ ಮೇಲೆ ಹಳದಿ ಕಪ್ಪು ಪಟ್ಟೆಯ ಎಳೆಯುವ ಹಿಡಿಗಳಿರುತ್ತವೆ. 1/48ರಲ್ಲಿ ಅದನ್ನು ತೆಳು ತಂತಿಯಿಂದ ಬಾಗಿಸಿ, ಹಳದಿ ಹೊಡೆದು, ಒಣಗಿದ ಮೇಲೆ ಚೂಪು ತುದಿಯ ಕಪ್ಪು ಪೆನ್ನಿನಿಂದ ಪಟ್ಟೆ ಎಳೆಯಿರಿ. ಬ್ರಶ್‌ಗಿಂತ ಪೆನ್ನು ಹತೋಟಿಯಲ್ಲಿರುತ್ತದೆ. ಬೆಲ್ಟುಗಳು ನೆಟ್ಟಗೆ ಮಲಗಿರಬಾರದು. ಬಟ್ಟೆ ಭಾರಕ್ಕೆ ಜೋತುಬೀಳುತ್ತದೆ, ಅಂಚಿನಿಂದ ಇಳಿಯುತ್ತದೆ. ಫೋಟೋ-ಎಚ್ (ತೆಳು ಲೋಹದ ಹಾಳೆಯಲ್ಲಿ ಕೊರೆದು ಮಾಡಿದ) ಬೆಲ್ಟನ್ನು ಉರಿಗೆ ಒಂದು ಕ್ಷಣ ಹಿಡಿದು ತಣ್ಣಗಾಗಲು ಬಿಟ್ಟರೆ ಲೋಹ ಮೆತ್ತಗಾಗಿ ಬೇಕಾದ ಹಾಗೆ ಬಾಗುತ್ತದೆ. ಅದೇ ಮೊದಲೇ ಬಣ್ಣ ಹಚ್ಚಿ ಬಂದಿದ್ದರೆ ಉರಿಗೆ ಹಿಡಿಯಬೇಡಿ, ಬಣ್ಣ ಸುಟ್ಟುಹೋಗುತ್ತದೆ.

ಒಳಗಿನ ಬಣ್ಣವೂ ದೇಶಕ್ಕೊಂದು. ಅಮೆರಿಕದ ಹೆಚ್ಚಿನ ಜೆಟ್‌ಗಳಲ್ಲಿ ಬೂದು, ಎಫ್‌ಎಸ್ (ಫೆಡರಲ್ ಸ್ಟ್ಯಾಂಡರ್ಡ್, ಅಮೆರಿಕದ ಬಣ್ಣದ ಸಂಖ್ಯೆ) 36231. ಮಿಗ್-21ರಲ್ಲಿ ನೀಲಿ ಹಸಿರು, ನವಿಲಿನ ಕತ್ತಿನ ಬಣ್ಣವನ್ನು ನೀರಲ್ಲಿ ಕಲಸಿದ ಹಾಗೆ.

ಗಾಳಿಬಾಯಿ ಒಳಗಿನ ಸಂದು ಹೇಗೆ ಮುಚ್ಚೋದು? ಕೈ ಹೋಗಲ್ಲ!

ಜೆಟ್ ಮಾಡೆಲ್‌ನಲ್ಲಿ ಬಹಳ ಜನ ಸೋಲುವ ಜಾಗ ಇದು. ಹೊರಗೆಲ್ಲ ಚೊಕ್ಕ ಇರುತ್ತದೆ, ಮುಂದಿನಿಂದ ಬಗ್ಗಿ ನೋಡಿದರೆ ಇನ್‌ಟೇಕ್ ಒಳಗೆ ಉದ್ದಕ್ಕೂ ಒಂದು ಗೆರೆ. ನಿಜವಾದ ವಿಮಾನದಲ್ಲಿ ಅದು ನುಣುಪಾದ ಸುರಂಗ.

ತುಂಡುಗಳನ್ನು ದೇಹಕ್ಕೆ ಸೇರಿಸುವ ಮುಂಚೆಯೇ ಇದನ್ನು ಮುಗಿಸಬೇಕು. ಎರಡು ಅರ್ಧ ಸೇರಿಸಿ, ಪೂರ್ತಿ ಒಣಗಲು ಬಿಡಿ. ತೆಳು ಕಡ್ಡಿಗೆ ವಾಟರ್ ಪೇಪರ್ ಸುತ್ತಿ ಎಷ್ಟು ಒಳಗೆ ಹೋಗುತ್ತದೋ ಅಷ್ಟು ಉಜ್ಜಿ. ಉಳಿದದ್ದಕ್ಕೆ ಸುರಿಯುವ ಉಪಾಯ ಇದೆ. ಸುರಂಗದ ಹಿಂಬದಿಗೆ ಟೇಪ್ ಹಚ್ಚಿ ಮುಚ್ಚಿ, ಬಿಳಿ ಬಣ್ಣವನ್ನು ಸ್ವಲ್ಪ ತೆಳು ಮಾಡಿ ಒಳಗೆ ಸುರಿದು, ಎಲ್ಲ ಕಡೆ ತಾಗುವ ಹಾಗೆ ತಿರುಗಿಸಿ, ಟೇಪ್ ತೆಗೆದು ನೆಟ್ಟಗೆ ನಿಲ್ಲಿಸಿ ಸೋರಲು ಬಿಡಿ. ಅಂಚಿನಲ್ಲಿ ನಿಂತ ಹನಿಯನ್ನು ಆಗಾಗ ಕಾಗದದಿಂದ ಹೀರಿಸುತ್ತಿರಬೇಕು, ಇಲ್ಲದಿದ್ದರೆ ಅಲ್ಲೇ ದಪ್ಪನೆ ಗಟ್ಟಿಯಾಗುತ್ತದೆ. ಒಂದು ದಿನ ಬಿಟ್ಟು ಇನ್ನೊಂದು ಸಲ. ಎರಡನೆಯ ಸಲಕ್ಕೆ ಗೆರೆ ಮುಚ್ಚಿಹೋಗಿ ಒಳಗೆಲ್ಲ ಒಂದೇ ನುಣುಪು. ಎಫ್-16, ಫ್ಯಾಂಟಮ್ ಎರಡರಲ್ಲೂ ಒಳಸುರಂಗ ಹೇಗೂ ಬಿಳಿ, ಹೊರಬಣ್ಣ ಬಾಯಿಯಿಂದ ಸ್ವಲ್ಪ ಒಳಕ್ಕೆ ಬಂದು ನಿಲ್ಲುತ್ತದೆ. ಆ ಅಂಚನ್ನು ಟೇಪ್ ಹಾಕಿ ಚೊಕ್ಕ ಮಾಡಿ.

ಇಷ್ಟೆಲ್ಲ ಬೇಡ ಅಂದರೆ ಇನ್‌ಟೇಕ್‌ಗೆ ಕೆಂಪು ಮುಚ್ಚಳ ಹಾಕಿ. ನಿಂತ ವಿಮಾನಕ್ಕೆ ನಿಜವಾಗಲೂ ಹಾಕುತ್ತಾರೆ. ಆದರೆ ಆಗ ಕಾಕ್‌ಪಿಟ್‌ನಲ್ಲಿ ಪೈಲಟ್ ಕೂತು ಹೊರಡಲು ತಯಾರಾಗಿರಬಾರದು, ಅಲ್ವಾ?

ಮಾಡೆಲ್ ಬಾಲದ ಮೇಲೆ ಕೂತುಬಿಡುತ್ತದೆ. ಏನು ಮಾಡಲಿ?

ಮೂತಿಗೆ ಭಾರ ಹಾಕಬೇಕಿತ್ತು. ಹಿಂದಿನ ಚಕ್ರಗಳಿಗಿಂತ ಮುಂದೆ, ಎಷ್ಟು ಮುಂದಾದರೆ ಅಷ್ಟು ಒಳ್ಳೆಯದು. ಮಿಗ್-21ರಲ್ಲಿ ಮೂತಿಯ ಶಂಕುವಿನ ಒಳಗೇ ಜಾಗ ಇದೆ. ದೇಹ ಮುಚ್ಚುವ ಮುಂಚೆ ಟೇಪ್ ಹಾಕಿ ರೆಕ್ಕೆ ಬಾಲ ಎಲ್ಲ ತಾತ್ಕಾಲಿಕವಾಗಿ ಸೇರಿಸಿ, ಹಿಂದಿನ ಚಕ್ರದ ಜಾಗದಲ್ಲಿ ಎರಡು ಬೆರಳ ಮೇಲೆ ತೂಗಿ ನೋಡಿ. ರೆಸಿನ್ ನಾಜಲ್ ಹಾಕುವುದಾದರೆ ಅದನ್ನೂ ಸೇರಿಸಿ ತೂಗಿ, ಅದು ಭಾರ.

ಸೀಸದ ಗುಂಡುಗಳನ್ನು ಬಿಳಿ ಅಂಟಿನಲ್ಲಿ ಖಂಡಿತ ಕೂರಿಸಬೇಡಿ. ಸೀಸ ಅದರ ಜೊತೆ ವರ್ಷಗಟ್ಟಲೆ ಮೆಲ್ಲಗೆ ತುಕ್ಕು ಹಿಡಿದ ಹಾಗೆ ಬೆಳ್ಳಗಾಗಿ ಉಬ್ಬುತ್ತದೆ, ಕೊನೆಗೆ ಮೂತಿಯೇ ಸಂದು ಬಿಡುತ್ತದೆ. ಉಕ್ಕಿನ ಗುಂಡು, ಎಪಾಕ್ಸಿ ಅಂಟು ಬಳಸಿ.

ರೆಕ್ಕೆ ನೆಟ್ಟಗಿದೆಯಾ ಅಂತ ಹೇಗೆ ನೋಡೋದು?

ಎಲ್ಲ ವಿಮಾನಕ್ಕೂ ರೆಕ್ಕೆ ನೆಟ್ಟಗಿರುವುದಿಲ್ಲ. ಫ್ಯಾಂಟಮ್‌ನಲ್ಲಿ ರೆಕ್ಕೆಯ ಹೊರ ಭಾಗ 12 ಡಿಗ್ರಿ ಮೇಲಕ್ಕೆ, ಬಾಲದ ರೆಕ್ಕೆಗಳು 23 ಡಿಗ್ರಿ ಕೆಳಕ್ಕೆ. ಮಿಗ್-21ರ ರೆಕ್ಕೆ 2 ಡಿಗ್ರಿ ಕೆಳಕ್ಕಿದೆ. ರಟ್ಟಿನಲ್ಲಿ ಆ ಕೋನ ಕತ್ತರಿಸಿ ಕೆಳಗೆ ಆಧಾರ ಕೊಟ್ಟು ಅಂಟು ಒಣಗಲು ಬಿಡಿ. ಹಿಂದಿನಿಂದ ಒಂದೇ ಕಣ್ಣಲ್ಲಿ ನೋಡಿ. ಎರಡೂ ಕಡೆ ಒಂದೇ ಸಮ ಇದೆಯಾ ಅನ್ನೋದೇ ಮುಖ್ಯ, ಒಂದು ಡಿಗ್ರಿ ಆಚೀಚೆ ಯಾರಿಗೂ ಕಾಣುವುದಿಲ್ಲ, ಎಡ ಬಲ ಬೇರೆಯಾದರೆ ಎಲ್ಲರಿಗೂ ಕಾಣುತ್ತದೆ.

ಉಜ್ಜುವಾಗ ಪ್ಯಾನೆಲ್ ಗೆರೆ ಅಳಿಸಿಹೋಯಿತು. ಮತ್ತೆ ಕೆತ್ತಬೇಕಾ?

ಕೆತ್ತಬೇಕು. ಗಟ್ಟಿ ಟೇಪನ್ನು ಪಟ್ಟಿಯ ಹಾಗೆ ಅಂಟಿಸಿ, ಸ್ಕ್ರೈಬರ್‌ನಿಂದ ಒತ್ತಡವೇ ಇಲ್ಲದ ಹಾಗೆ ನಾಲ್ಕೈದು ಸಲ ಎಳೆಯಿರಿ. ಒಂದೇ ಸಲ ಬಲವಾಗಿ ಎಳೆದರೆ ಜಾರುತ್ತದೆ. ಆ ಜಾಗದಲ್ಲಿ ಪುಟ್ಟಿ ಹಾಕಿದ್ದರೆ ಗೆರೆ ಪುಡಿಪುಡಿಯಾಗಿ ಒಡೆಯುತ್ತದೆ. ಹಾಗಾಗಿ ಗೆರೆ ಹಾದುಹೋಗುವ ಕಡೆ ಪುಟ್ಟಿಗಿಂತ ಸೂಪರ್ ಗ್ಲೂ ತುಂಬುವುದು ಒಳ್ಳೆಯದು, ಆದರೆ ಅದು ಕಲ್ಲಾಗುವ ಮುಂಚೆ ಅದೇ ದಿನ ಉಜ್ಜಿಬಿಡಿ.

ಗೆರೆ ಆದಷ್ಟು ಸಣ್ಣದಿರಲಿ. 1/48ರಲ್ಲಿ ಅರ್ಧ ಮಿಲಿಮೀಟರ್ ಗೆರೆ ಅಂದರೆ ನಿಜವಾದ ವಿಮಾನದಲ್ಲಿ 24 ಮಿಲಿಮೀಟರ್ ಬಿರುಕು. ಬೆರಳೇ ತೂರುತ್ತದೆ. ಅಂಥ ಬಿರುಕು ಬಿಟ್ಟ ಫೈಟರ್ ಹಾರುತ್ತದೆಯೇ?

ಪ್ರೈಮರ್ ಹೊಡೆಯದೆ ಇದ್ದರೆ ಆಗಲ್ವಾ?

ಆಗುತ್ತದೆ, ಆದರೆ ಮಾಡಬೇಡಿ. ಪ್ರೈಮರ್ ಇರುವುದು ಬಣ್ಣ ಹಿಡಿಯಲು ಮಾತ್ರ ಅಲ್ಲ, ತಪ್ಪು ತೋರಿಸಲು. ಬರಿ ಪ್ಲಾಸ್ಟಿಕ್‌ನಲ್ಲಿ ಕಾಣದ ಸಂದು, ಗೀರು ಎಲ್ಲ ಬೂದು ಪ್ರೈಮರ್ ಕೆಳಗೆ ಎದ್ದು ಕಾಣುತ್ತವೆ. ಮಿಸ್ಟರ್ ಸರ್ಫೇಸರ್ 1500 ನನಗೆ ಇಷ್ಟ. ಸಂಖ್ಯೆ ದೊಡ್ಡದಾದಷ್ಟೂ ನಯ.

ಸರಿಯಾದ ಬಣ್ಣ ಯಾವುದು ಅಂತ ಹೇಗೆ ಗೊತ್ತಾಗೋದು?

ಅಮೆರಿಕದ ವಿಮಾನಗಳಿಗೆ ಫೆಡರಲ್ ಸ್ಟ್ಯಾಂಡರ್ಡ್ ಸಂಖ್ಯೆಗಳಿವೆ. ಎಫ್-16ರ ಮಾಮೂಲಿ ಬೂದುಗಳು ಮೂರು. ಬೆನ್ನಿಗೆ ಗಾಢವಾದ 36118, ಮೂತಿ ಮತ್ತು ಬದಿಗೆ 36270, ಹೊಟ್ಟೆಗೆ ತಿಳಿಯಾದ 36375. ಹೆಚ್ಚಿನ ಬಣ್ಣದ ಕಂಪನಿಗಳು ಈ ಸಂಖ್ಯೆಯನ್ನೇ ಬಾಟಲಿ ಮೇಲೆ ಹಾಕಿರುತ್ತವೆ. ಮೊದಲ ಅಂಕಿ ಹೊಳಪು ಹೇಳುತ್ತದೆ. 1 ಅಂದರೆ ಹೊಳಪು, 2 ಅರೆ ಹೊಳಪು, 3 ಮಂದ.

ಆದರೆ ಬಾಟಲಿಯ ಬಣ್ಣ ಕಾರ್ಖಾನೆಯಿಂದ ಹೊರಬಂದ ದಿನದ ಬಣ್ಣ. ಬಿಸಿಲಲ್ಲಿ ಹತ್ತು ವರ್ಷ ನಿಂತ ವಿಮಾನ ಹಾಗಿರುವುದಿಲ್ಲ. ಮತ್ತೆ ನಿಮ್ಮ ಫೋಟೋ ನೋಡಿ. ಒಂದೇ ಬಣ್ಣದ ಎರಡು ಪ್ಯಾನೆಲ್‌ಗಳು ಬೇರೆ ಬೇರೆ ಮಾಸಿರುತ್ತವೆ. ದೊಡ್ಡ ವಿಮಾನದ ಬಣ್ಣವನ್ನು ಹಾಗೇ ಚಿಕ್ಕ ಮಾಡೆಲ್‌ಗೆ ಹಾಕಿದರೆ ಕಣ್ಣಿಗೆ ಗಾಢವಾಗಿ ಕಾಣುತ್ತದೆ, ಅದಕ್ಕೆ ನಾನು ಒಂದಿಷ್ಟು ಬಿಳಿ ಬೆರೆಸುತ್ತೇನೆ. 1/72ಕ್ಕೆ ಸ್ವಲ್ಪ ಜಾಸ್ತಿ, 1/32ಕ್ಕೆ ಹೆಚ್ಚುಕಡಿಮೆ ಇಲ್ಲ.

ಏರ್‌ಬ್ರಶ್ ಇಲ್ಲದೆ ಮಾಡಬಹುದಾ?

ಮಾಡಬಹುದು. ಅಗಲ ಬ್ರಶ್, ತೆಳು ಮಾಡಿದ ಬಣ್ಣ, ಮೂರು ನಾಲ್ಕು ಪದರ, ಪ್ರತಿ ಪದರಕ್ಕೂ ದಿಕ್ಕು ಬದಲು. ಚೊಕ್ಕವಾಗಿ ಬರುತ್ತದೆ. ಮೆದು ಅಂಚಿನ ಕ್ಯಾಮೊಫ್ಲಾಜ್ ಮಾತ್ರ ಬ್ರಶ್‌ನಲ್ಲಿ ಕಷ್ಟ.

ಏರ್‌ಬ್ರಶ್ ತಗೊಂಡರೆ 0.3 ಮಿಲಿಮೀಟರ್ ಸೂಜಿ, ಒತ್ತಡ 15ರಿಂದ 20 ಪಿಎಸ್‌ಐ. ಬಣ್ಣ ಹಾಲಿನಷ್ಟು ತೆಳುವಾಗಿರಲಿ, ಬಟ್ಟಲಿನ ಗೋಡೆಗೆ ತಾಗಿಸಿದರೆ ಇಳಿದು ತೆಳು ಪೊರೆ ಉಳಿಯಬೇಕು. ಲ್ಯಾಕರ್ ಬಣ್ಣ ಹೊಡೆಯುವುದಾದರೆ ಗಾಳಿ ಹೊರಹೋಗುವ ವ್ಯವಸ್ಥೆ ಮತ್ತು ಆವಿ ತಡೆಯುವ ಕಾರ್ಟ್ರಿಡ್ಜ್ ಮಾಸ್ಕ್ ಎರಡೂ ಕಡ್ಡಾಯ. ಬಟ್ಟೆ ಮಾಸ್ಕ್ ಕಣ ತಡೆಯಬಹುದು, ಆವಿ ತಡೆಯುವುದಿಲ್ಲ. ರೆಸಿನ್ ತುಂಡನ್ನು ಯಾವಾಗಲೂ ಒದ್ದೆ ಮಾಡಿ ಉಜ್ಜಿ, ಆ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು.

ಬಾಲದ ಸುಟ್ಟ ಲೋಹದ ಬಣ್ಣ ಹೇಗೆ ತರೋದು?

ನನಗೆ ಅತಿ ಪ್ರೀತಿಯ ಕೆಲಸ ಇದು. ಫ್ಯಾಂಟಮ್‌ನ ಹಿಂಭಾಗ, ಎಂಜಿನ್ ಬಾಯಿಯ ಸುತ್ತ, ಬಣ್ಣ ಹೊಡೆಯದ ಟೈಟಾನಿಯಂ ಮತ್ತು ಉಕ್ಕು. ಪ್ರತಿ ಹಲಗೆಗೂ ಬೇರೆ ಛಾಯೆ.

ಮೊದಲು ಆ ಜಾಗವನ್ನು 2000 ಗ್ರಿಟ್‌ವರೆಗೆ ಉಜ್ಜಿ. ಲೋಹದ ಬಣ್ಣ ಒಂದು ಕೂದಲಿನ ಗೀರನ್ನೂ ಬಿಡದೆ ತೋರಿಸುತ್ತದೆ. ಹೊಳೆಯುವ ಕಪ್ಪು ಹೊಡೆಯಿರಿ, ಕನ್ನಡಿ ಹಾಗಿರಲಿ. ಅದರ ಮೇಲೆ ಆಲ್‌ಕ್ಲಾಡ್ ಥರದ ಲೋಹದ ಲ್ಯಾಕರ್ ತೆಳುವಾಗಿ. ಆಮೇಲೆ ಒಂದೊಂದೇ ಹಲಗೆ ಬಿಟ್ಟು ಉಳಿದದ್ದಕ್ಕೆ ಟೇಪ್ ಹಾಕಿ, ಒಂದಕ್ಕೆ ಸ್ವಲ್ಪ ಗಾಢ, ಇನ್ನೊಂದಕ್ಕೆ ತಿಳಿ. ಬಿಸಿಯ ಬಣ್ಣಕ್ಕೆ ಒಂದು ಕ್ರಮ ಇದೆ. ಕಡಿಮೆ ಬಿಸಿ ತಾಗಿದ ಕಡೆ ಒಣಹುಲ್ಲಿನ ಹಳದಿ, ಜಾಸ್ತಿಯಾದಂತೆ ನೇರಳೆ, ಆಮೇಲೆ ನೀಲಿ. ಪಾರದರ್ಶಕ ಬಣ್ಣಗಳನ್ನು ತುಂಬಾ ತೆಳು ಮಾಡಿ ಅದೇ ಕ್ರಮದಲ್ಲಿ ಹೊಡೆಯಿರಿ, ಕಂಡೂ ಕಾಣದ ಹಾಗೆ. "ಹಾಂ, ಈಗ ಕಾಣ್ತಾ ಇದೆ" ಅನ್ನಿಸಿದಾಗಲೇ ಕೈ ತೆಗೆಯಿರಿ.

ನಾಜಲ್‌ನ ಒಳಗೆ ಕಪ್ಪು ಬಳಿಯುವವರು ಬಹಳ. ಎಫ್-16ರ ಆಫ್ಟರ್‌ಬರ್ನರ್ (ಹೆಚ್ಚಿನ ಬಲಕ್ಕೆ ಮತ್ತೆ ಇಂಧನ ಉರಿಸುವ ಎಂಜಿನ್ ಹಿಂಭಾಗ) ಒಳಗೋಡೆ ಬೆಳ್ಳಗೆ ಇರುತ್ತದೆ, ಮಸಿಯ ಉದ್ದನೆ ಗೆರೆಗಳೊಂದಿಗೆ. ಬಿಳಿ ಹೊಡೆದು ಒಳಗಿಂದ ಹೊರಕ್ಕೆ ಬೂದು, ಕಂದು ಪುಡಿಬಣ್ಣ ಎಳೆಯಿರಿ.

ಡೆಕಾಲ್ ಕೆಳಗೆ ಬೆಳ್ಳಿ ಥರ ಹೊಳೆಯುತ್ತದೆ, ಯಾಕೆ?

ಡೆಕಾಲ್ ಅಂದರೆ ನೀರಲ್ಲಿ ನೆನೆಸಿ ಕೂರಿಸುವ ಗುರುತಿನ ಚಿತ್ರ. ಅದರ ಕೆಳಗೆ ಗಾಳಿ ಸಿಕ್ಕಿಕೊಂಡಿದೆ. ಮಂದ ಬಣ್ಣ ಹತ್ತಿರದಿಂದ ನೋಡಿದರೆ ಒರಟು. ಆ ಗುಳಿಗಳಲ್ಲಿ ಗಾಳಿ ನಿಲ್ಲುತ್ತದೆ. ಅದಕ್ಕೆ ಡೆಕಾಲ್‌ಗೆ ಮುಂಚೆ ಹೊಳಪಿನ ಪದರ ಹೊಡೆಯಬೇಕು. ಡೆಕಾಲ್ ಕೂರಿಸಿದ ಮೇಲೆ ಮೆದು ಮಾಡುವ ದ್ರವ ಹಚ್ಚಿದರೆ ಐದು ನಿಮಿಷದಲ್ಲಿ ಸುಕ್ಕುಗಟ್ಟುತ್ತದೆ. ಗಾಬರಿಯಾಗಿ ಮುಟ್ಟಿದರೆ ಹರಿಯುತ್ತದೆ! ಸುಮ್ಮನೆ ಬಿಡಿ, ಒಣಗುತ್ತಾ ತಾನೇ ಗೆರೆಯೊಳಗೆ ಇಳಿಯುತ್ತದೆ. ಆಮೇಲೂ ಬೆಳ್ಳಿ ಉಳಿದರೆ ಸೂಜಿಯಿಂದ ಚುಚ್ಚಿ ಮತ್ತೊಮ್ಮೆ ದ್ರವ ಹಚ್ಚಿ.

ಎಷ್ಟು ಕೊಳೆ ಮಾಡಬೇಕು?

ಫೋಟೋದಲ್ಲಿ ಎಷ್ಟಿದೆಯೋ ಅಷ್ಟು. ವಿಮಾನವಾಹಕ ಹಡಗಿನಲ್ಲಿ ಇರುವ ಜೆಟ್‌ಗೆ ಉಪ್ಪುಗಾಳಿ ಬಡಿಯುತ್ತದೆ, ತುಕ್ಕು ಹಿಡಿಯದಂತೆ ಅಲ್ಲಲ್ಲಿ ತೇಪೆ ಹೊಡೆದಿರುತ್ತಾರೆ, ತೇಪೆಯ ಬಣ್ಣ ಹೊಂದುವುದಿಲ್ಲ. ಪ್ರದರ್ಶನ ತಂಡದ ವಿಮಾನ ಫಳಫಳ. ಎರಡಕ್ಕೂ ಒಂದೇ ಮಸಿ ಬಳಿದರೆ ಹೇಗೆ?

ಪ್ಯಾನೆಲ್ ಗೆರೆಗೆ ಎಣ್ಣೆ ಬಣ್ಣವನ್ನು ವೈಟ್ ಸ್ಪಿರಿಟ್‌ನಲ್ಲಿ ತೆಳು ಮಾಡಿ ಹರಿಸಿ, ಅರ್ಧ ಗಂಟೆ ಬಿಟ್ಟು ಗಾಳಿ ಹೋಗುವ ದಿಕ್ಕಿನಲ್ಲಿ, ಮೂತಿಯಿಂದ ಬಾಲಕ್ಕೆ, ಒರೆಸಿ. ಕೆಳಗಿನ ಹೊಳಪು ಪದರ ಅಕ್ರಿಲಿಕ್ ಅಥವಾ ಲ್ಯಾಕರ್ ಆಗಿರಬೇಕು, ಎನಾಮೆಲ್ ಆದರೆ ಸ್ಪಿರಿಟ್‌ಗೆ ಎದ್ದುಬರುತ್ತದೆ. ಕಡುಗಪ್ಪು ಬೇಡ. ಬೂದು ವಿಮಾನಕ್ಕೆ ಒಂದು ಹಂತ ಗಾಢ ಬೂದು ಸಾಕು.

ಸೋರಿದ ಎಣ್ಣೆಯ ಗುರುತಿಗೂ ದಿಕ್ಕಿದೆ. ನಿಂತಾಗ ಸೋರಿದ್ದು ಕೆಳಕ್ಕೆ ಇಳಿದಿರುತ್ತದೆ, ಹಾರುವಾಗ ಸೋರಿದ್ದು ಹಿಂದಕ್ಕೆ ಎಳೆದಿರುತ್ತದೆ. ಹೆಚ್ಚು ಕೊಳೆ ಇರುವುದು ಹೊಟ್ಟೆಯ ಕಡೆ, ಚಕ್ರದ ಗೂಡಿನ ಹಿಂದೆ, ಮೆಕ್ಯಾನಿಕ್‌ಗಳು ಪದೇ ಪದೇ ತೆರೆಯುವ ಬಾಗಿಲುಗಳ ಅಂಚಿನಲ್ಲಿ, ಬೆನ್ನ ಮೇಲೆ ಅವರು ನಡೆದಾಡುವ ಕಡೆ.

ಕ್ಯಾನಪಿಯ ನಡುವೆ ಉದ್ದಕ್ಕೂ ಒಂದು ಗೆರೆ ಇದೆ. ಕಿಟ್ ಕೆಟ್ಟದ್ದಾ?

ಕಿಟ್‌ನಲ್ಲಿ ದೋಷ ಇಲ್ಲ. ಎಫ್-16ರ ಗುಳ್ಳೆ ಕ್ಯಾನಪಿ ಕೆಳಗೆ ಕಿರಿದು, ನಡುವೆ ಉಬ್ಬು. ಅಂಥ ಆಕಾರವನ್ನು ಅಚ್ಚಿನಿಂದ ತೆಗೆಯಲು ಅಚ್ಚನ್ನು ಬದಿಗೆ ಸರಿಸಬೇಕು, ಅದರ ಸೇರುವೆ ಗೆರೆಯಾಗಿ ಉಳಿಯುತ್ತದೆ. ಆಕಾರ ಸರಿ ಇರುವುದಕ್ಕೆ ಅದು ಗುರುತು.

ಚಾಕುವಿನ ಬೆನ್ನಿನಿಂದ ಮೆಲ್ಲಗೆ ಕೆರೆದು ಗೆರೆ ಮಟ್ಟ ಮಾಡಿ. ಆಮೇಲೆ ಒದ್ದೆ ವಾಟರ್ ಪೇಪರ್ 1000, 1500, 2000, 3000. ಗಾಜು ಹಾಲಿನ ಹಾಗೆ ಮಸುಕಾಗುತ್ತದೆ, ಎದೆ ಝಲ್ ಅನ್ನುತ್ತದೆ, ನಿಲ್ಲಿಸಬೇಡಿ. ಪ್ರತಿ ಸಲ ದಿಕ್ಕು ಬದಲಿಸಿ ಉಜ್ಜಿ, ಹಿಂದಿನ ಗೀರು ಹೋಗಿದೆಯಾ ನೋಡಿ. ಕೊನೆಗೆ ಪಾಲಿಶ್ ಪೇಸ್ಟನ್ನು ಮೆತ್ತನೆ ಬಟ್ಟೆಯಲ್ಲಿ ಹಾಕಿ ಹತ್ತು ನಿಮಿಷ. ಬೆಳಕಿಗೆ ಹಿಡಿದರೆ ಮಸುಕು ಮೆಲ್ಲಗೆ ಕರಗಿ ಆಚೆಯ ಬೆರಳು ಕಾಣುವ ಆ ಕ್ಷಣ ಇದೆಯಲ್ಲ, ಅದಕ್ಕಾಗಿ ಎಷ್ಟು ಉಜ್ಜಿದರೂ ಸಾರ್ಥಕ. ಎರಡು ಬೆರಳಿನ ನಡುವೆ ಹಿಸುಕಿ ಹಿಡಿಯಬೇಡಿ, ನಡುವೆ ಬಿರುಕು ಬಿಡುತ್ತದೆ. ಒಳಗೆ ಬೆರಳಿಟ್ಟು ಆಧಾರ ಕೊಡಿ. ನಿಜವಾದ ವಿಮಾನದಲ್ಲಿ ಈ ಗಾಜಿಗೆ ಹೆಚ್ಚಾಗಿ ಹೊಗೆ ಅಥವಾ ಹೊನ್ನಿನ ಛಾಯೆ ಇರುತ್ತದೆ, ಪಾರದರ್ಶಕ ಬಣ್ಣದ ಒಂದು ಹನಿ ಕ್ಲಿಯರ್ ಕೋಟ್‌ಗೆ ಬೆರೆಸಿ ಒಳಗಿಂದ ಹೊಡೆದರೆ ಬರುತ್ತದೆ.

ಚೌಕಟ್ಟಿಗೆ ಮೊದಲು ಒಳಬಣ್ಣ, ಅದರ ಮೇಲೆ ಹೊರಬಣ್ಣ. ಆಗ ಒಳಗಿಂದ ನೋಡಿದರೂ ಸರಿ ಕಾಣುತ್ತದೆ.

ಪೆಟ್ಟಿಗೆಯಲ್ಲಿರುವ ಬಾಂಬು, ಕ್ಷಿಪಣಿ ಎಲ್ಲ ನೇತುಹಾಕಲಾ?

ಬೇಡ. ಎಲ್ಲ ಜಾಗವೂ ತುಂಬಿದ ವಿಮಾನ ನಿಜದಲ್ಲಿ ಅಪರೂಪ. ಫೋಟೋದಲ್ಲಿ ಇರುವುದನ್ನೇ ಹಾಕಿ. ಅಮೆರಿಕದ ಬಾಂಬ್‌ಗಳಲ್ಲಿ ಹಳದಿ ಪಟ್ಟಿ ಅಂದರೆ ಸ್ಫೋಟಕ ತುಂಬಿದ್ದು, ನೀಲಿ ಅಂದರೆ ಅಭ್ಯಾಸದ್ದು. ಒಂದೇ ಹಾರಾಟಕ್ಕೆ ಎರಡನ್ನೂ ಬೆರೆಸಿ ನೇತುಹಾಕಿದರೆ ತಿಳಿದವರಿಗೆ ಕಣ್ಣು ಚುಚ್ಚುತ್ತದೆ.

ಟೈರ್ ಕೆಳಗೆ ಚಪ್ಪಟೆ ಮಾಡಬೇಕಂತೆ, ಹೌದಾ?

ತುಂಬಾ ಸ್ವಲ್ಪ. ಫೈಟರ್ ಟೈರ್‌ಗಳಲ್ಲಿ ಗಾಳಿಯ ಒತ್ತಡ ಬಹಳ ಜಾಸ್ತಿ, ಕಾರಿನ ಹಾಗೆ ಉಬ್ಬುವುದಿಲ್ಲ. ಉಪ್ಪು ಕಾಗದದ ಮೇಲೆ ನಾಲ್ಕು ಸಲ ಎಳೆದರೆ ಸಾಕು.

ಪಿಟೋ ಕೊಳವೆ ಮುರಿಯುತ್ತಲೇ ಇರುತ್ತದೆ.

ಪ್ಲಾಸ್ಟಿಕ್‌ನದನ್ನು ಬಿಟ್ಟು ಹಿತ್ತಾಳೆಯದ್ದು ಹಾಕಿ. ಬಿಡಿಯಾಗಿ ಸಿಗುತ್ತವೆ, ಇಲ್ಲದಿದ್ದರೆ ಇಂಜೆಕ್ಷನ್ ಸೂಜಿಯಿಂದ ಮಾಡಿಕೊಳ್ಳಬಹುದು. ಮೂತಿಗೆ ಸಣ್ಣ ತೂತು ಕೊರೆದಿಟ್ಟುಕೊಂಡು ಎಲ್ಲ ಕೆಲಸ ಮುಗಿದ ಮೇಲೆ ಕೊನೆಯಲ್ಲಿ ಕೂರಿಸಿ. ಆಂಟೆನಾ, ರೆಕ್ಕೆ ತುದಿಯ ಕಡ್ಡಿಗಳು ಎಲ್ಲಕ್ಕೂ ಇದೇ ಮಾತು. ಸೂಚನಾ ಪತ್ರದಲ್ಲಿ ಮೂರನೇ ಹಂತದಲ್ಲೇ ಅಂಟಿಸಲು ಹೇಳಿರುತ್ತಾರೆ, ಕೇಳಬೇಡಿ.

ರೆಸಿನ್, ಫೋಟೋ-ಎಚ್ ಬಿಡಿಭಾಗ ತಗೊಳ್ಳಲೇಬೇಕಾ?

ಇಲ್ಲ. ಒಂದೇ ಒಂದು ತಗೊಳ್ಳುವುದಾದರೆ ಸೀಟು. ಎರಡನೆಯದು ನಾಜಲ್. ಚಕ್ರದ ಗೂಡಿಗೆ ತೆಳು ತಂತಿ ಬಾಗಿಸಿ ಪೈಪು ಹಾಕಿದರೆ ಯಾವ ಸೆಟ್‌ಗೂ ಕಡಿಮೆ ಇರುವುದಿಲ್ಲ.

ಮುಗಿದ ಮಾಡೆಲ್ ಧೂಳು ಹಿಡಿಯುತ್ತದೆ, ಹೇಗೆ ತೆಗೆಯೋದು?

ಗಾಜಿನ ಪೆಟ್ಟಿಗೆಯಲ್ಲಿ, ನೇರ ಬಿಸಿಲು ಬೀಳದ ಕಡೆ ಇಡಿ. ಬಿಸಿಲಿಗೆ ಡೆಕಾಲ್‌ನ ಬಣ್ಣ ಮಾಸುತ್ತದೆ, ಪಾರದರ್ಶಕ ಪದರ ಹಳದಿಗಟ್ಟುತ್ತದೆ. ಧೂಳಿಗೆ ಮೇಕಪ್ ಬ್ರಶ್‌ನಷ್ಟು ಮೆತ್ತನೆಯದು ಬೇಕು, ಮೂತಿಯಿಂದ ಬಾಲದ ಕಡೆಗೆ ಮಾತ್ರ ಆಡಿಸಿ. ಹಿಂದಿನಿಂದ ಮುಂದಕ್ಕೆ ಎಳೆದರೆ ಕೂದಲು ಯಾವುದಾದರೂ ಆಂಟೆನಾಗೆ ಸಿಕ್ಕಿಕೊಂಡು ಅದನ್ನೂ ಕಿತ್ತುಕೊಂಡು ಬರುತ್ತದೆ. ಎತ್ತುವಾಗ ರೆಕ್ಕೆ ಹಿಡಿಯಬೇಡಿ, ಹೊಟ್ಟೆಯ ಕೆಳಗೆ ಎರಡೂ ಕೈ ಕೊಟ್ಟು ಎತ್ತಿ.